ಖಾಲಿ ಬಿದ್ದ ಲೈನು

ಕೇಳುಗರಿಗೆ ನಮಸ್ಕಾರ.

ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸಬಲ್ಲ ಲೈನು. ಆ ತುದಿಗೆ ಹೋಗಿ ಮರಳಲು 100 ಮಿಲಿಸೆಕೆಂಡು. ಅದರಲ್ಲಿ ದೊಡ್ಡದೊಂದು ಫೈಲು ಕಳಿಸುತ್ತ ಕೂತಿದ್ದೆ. ಪರದೆಯ ಮೇಲಿನ ಅಂಕಿ 5 ಮೆಗಾಬಿಟ್ ದಾಟಲೊಲ್ಲದು. ಲೈನಿನಲ್ಲಿ ದಟ್ಟಣೆ ಇರಬೇಕೆಂದು ನೋಡಿದರೆ, ಅದು ಖಾಲಿ ಬಿದ್ದಿತ್ತು.

ಇಂಟರ್‌ನೆಟ್‌ನಲ್ಲಿ ಡೇಟಾ ತಪ್ಪದೆ ತಲುಪಿಸುವ ನಿಯಮಾವಳಿಯೇ ಟಿಸಿಪಿ. ಅದು ಒಂದಷ್ಟು ಡೇಟಾ ಕಳಿಸಿ, ತಲುಪಿತು ಎಂಬ ಉತ್ತರ ಬರುವವರೆಗೆ ಕಾಯುತ್ತದೆ. ಒಮ್ಮೆಗೆ ಬಿಡಬಹುದಾದ ಆ ಮೊತ್ತಕ್ಕೆ ವಿಂಡೋ ಎನ್ನುತ್ತೇವೆ. ಮೊದಲಿನ ಟಿಸಿಪಿಯಲ್ಲಿ ಅದರ ಮಿತಿ 65,535 ಬೈಟ್. ಸೆಕೆಂಡಿಗೆ ಹತ್ತೇ ಸಲ ಉತ್ತರ ಬರುವ ದಾರಿಯಲ್ಲಿ ಇಷ್ಟಿಷ್ಟೇ ಕಳಿಸಿದರೆ 5 ಮೆಗಾಬಿಟ್ ಆಸುಪಾಸಿಗೆ ನಿಲ್ಲುತ್ತದೆ. ಮಿತಿಯನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ 1992ರ ಹೊತ್ತಿಗೇ ಬಂದಿತ್ತು. ಆದರೆ ನನ್ನ ಯಂತ್ರದ ಬಫರೇ, ಅಂದರೆ ಡೇಟಾವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗವೇ, ಚಿಕ್ಕದಿತ್ತು. ಆ ಲೈನು ತುಂಬಲು 125 ಮೆಗಾಬೈಟ್ ಬೇಕು. ಎರಡೂ ತುದಿಯಲ್ಲಿ ಬಫರ್ ಹಿಗ್ಗಿಸಿದ ಮೇಲೆ ಅಂಕಿ ಮೇಲೇರಿತು.

ಡೇಟಾ ಹೊತ್ತೊಯ್ಯುವ ಗಾಜಿನ ಎಳೆಯಾದ ಫೈಬರಿನಲ್ಲಿ ಬೆಳಕು ಓಡುವುದೇ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ದೂರದಿಂದಾಗುವ ತಡವನ್ನು ಯಾರೂ ಪೂರ್ತಿ ಇಲ್ಲವಾಗಿಸಲಾರರು.

ನನ್ನನ್ನು ಹೆಚ್ಚು ಕಾಡುವುದು ಪ್ಯಾಕೆಟ್ ನಷ್ಟ, ಅಂದರೆ ಕಳಿಸಿದ ಡೇಟಾದ ತುಣುಕುಗಳು ದಾರಿಯಲ್ಲೇ ಕಳೆದುಹೋಗುವುದು. 1986ರಲ್ಲಿ ಅಮೆರಿಕದ ಬರ್ಕ್‌ಲಿಯ ಒಂದು ಲೈನಿನ ವೇಗ ದಟ್ಟಣೆಯಿಂದಾಗಿ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಅದಕ್ಕೆ ಮದ್ದಾಗಿ ನೆಟ್‌ವರ್ಕ್ ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಕೊಟ್ಟ ವಿಧಾನವೇ ಇಂಟರ್‌ನೆಟ್ಟನ್ನು ಉಳಿಸಿತು ಎಂದರೂ ತಪ್ಪಿಲ್ಲ. ಪ್ಯಾಕೆಟ್ ಕಳೆದರೆ ದಟ್ಟಣೆ ಎಂದು ತಿಳಿದು ವಿಂಡೋ ಇಳಿಸು, ಆಮೇಲೆ ಮೆಲ್ಲಗೆ ಏರಿಸು. ಆದರೆ ನಮ್ಮ 10 ಗಿಗಾಬಿಟ್ ದಾರಿಯ ಲೆಕ್ಕ ನೋಡಿ. 1,500 ಬೈಟಿನ 83,000 ಪ್ಯಾಕೆಟ್‌ಗಳು ಒಟ್ಟಿಗೆ ದಾರಿಯಲ್ಲಿವೆ. ಒಂದು ಕಳೆದರೆ ವಿಂಡೋ ಅರ್ಧಕ್ಕಿಳಿಯುತ್ತದೆ. ಪ್ರತಿ ಸುತ್ತಿಗೆ ಒಂದೊಂದೇ ಪ್ಯಾಕೆಟ್ ಹೆಚ್ಚಿಸುತ್ತ ಮೊದಲಿನ ಮಟ್ಟ ಮುಟ್ಟಲು ಒಂದು ಗಂಟೆಗೂ ಮಿಕ್ಕಿ ಬೇಕು!

ವಿಂಡೋ ಏರಿಳಿಸಲು ಬೇರೆ ವಿಧಾನಗಳೂ ಬಂದಿವೆ. 2006ರಿಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿರುವ ಕ್ಯೂಬಿಕ್ ಇದಕ್ಕಿಂತ ಬೇಗ ಚೇತರಿಸಿಕೊಳ್ಳುತ್ತದೆ. 2016ರಲ್ಲಿ ಗೂಗಲ್ ಹೊರತಂದ ಬಿಬಿಆರ್, ನಷ್ಟವನ್ನು ನೋಡಿ ಹೆದರುವ ಬದಲು ದಾರಿಯ ವೇಗ ಮತ್ತು ತಡವನ್ನೇ ಅಳೆಯುತ್ತದೆ. ಫೈಲನ್ನು ಹಲವು ಹರಿವುಗಳಾಗಿ ಒಡೆದು ಕಳಿಸಿದರೂ ಪ್ರಯೋಜನವಿದೆ.

ಆದರೆ ಪ್ಯಾಕೆಟ್ ಎಲ್ಲಿ ಬೀಳುತ್ತಿದೆ ಎಂದು ಹುಡುಕದೆ ಇವನ್ನೆಲ್ಲ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಲೈನು ಸಿಕ್ಕಿಸುವ ಪೋರ್ಟಿನಲ್ಲಿ ದೋಷದ ಎಣಿಕೆ ಏರುತ್ತಿದ್ದರೆ ಲೇಸರ್ ಆರಿಸಿ, ಫೈಬರ್ ಕನೆಕ್ಟರ್ ಬಿಚ್ಚಿ, ತುದಿಯನ್ನು ಸ್ಕೋಪಿನಲ್ಲಿ, ಅಂದರೆ ಸೂಕ್ಷ್ಮದರ್ಶಕದಲ್ಲಿ, ನೋಡಿ. ಬೆಳಕು ಹಾಯುವ ನಡುಭಾಗ 9 ಮೈಕ್ರಾನಿನಷ್ಟೇ. ಅದನ್ನು ಮುಚ್ಚಲು ಒಂದು ಧೂಳಿನ ಕಣ ಸಾಕು. ಒರೆಸಿ, ಮತ್ತೆ ಸಿಕ್ಕಿಸಿ, ಎಣಿಕೆ ನಿಂತಿತೇ ನೋಡಿ. ಹೆಚ್ಚಿನ ಬ್ಯಾಂಡ್‌ವಿಡ್ತ್ ಕೊಳ್ಳುವ ಮಾತು ಆಮೇಲೆ.

ನಮಸ್ಕಾರ.