ಗ್ಲಾಕೋಮಾ ಹನಿ ಹಾಕುವ ಮಕ್ಕಳ ಕಾರ್ನಿಯಾ: ಹೆತ್ತವರು ತಿಳಿದಿರಬೇಕಾದದ್ದು

[ಪರದೆಯಲ್ಲಿ: ನೀಲಿ ಬೆಳಕಿನಡಿ ಕಣ್ಣು, ಕರಿಗುಡ್ಡೆಯ ಮೇಲೆ ಹಸಿರು ಚುಕ್ಕಿಗಳು]

ಈ ಹಸಿರು ಚುಕ್ಕಿಗಳನ್ನು ನೋಡಿ. ಫ್ಲೋರೆಸೀನ್ ಎಂಬ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ) ಮೇಲ್ಪದರ ಎಲ್ಲೆಲ್ಲಿ ಸವೆದಿದೆಯೋ ಅಲ್ಲೆಲ್ಲ ಹೀಗೆ ಹೊಳೆಯುತ್ತದೆ. ಗ್ಲಾಕೋಮಾ ಎಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರಕ್ಕೆ ಹಾನಿ ಮಾಡುವ ಕಾಯಿಲೆ; ತಿಂಗಳುಗಟ್ಟಲೆ ಅದರ ಹನಿ ಹಾಕಿಸಿಕೊಂಡ ಮಕ್ಕಳಲ್ಲಿ ಇದು ಕಾಣಿಸಿಕೊಳ್ಳಬಹುದು.

ಹುಟ್ಟಿನಿಂದಲೇ ಬರುವ ಗ್ಲಾಕೋಮಾಕ್ಕೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಆದರೂ ಅದಕ್ಕೆ ಮೊದಲು ಒತ್ತಡ ತಗ್ಗಿಸಲು ಹನಿ ಬೇಕು. ಆಮೇಲೂ ಒತ್ತಡ ಇಳಿಯದಿದ್ದರೆ ಕೆಲವರಿಗೆ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಕಾರ್ನಿಯಾ ಮೊದಲೇ ನೊಂದಿರುತ್ತದೆ. ಒತ್ತಡಕ್ಕೆ ಎಳೆಗಣ್ಣು ಹಿಗ್ಗುತ್ತದೆ, ಕಾರ್ನಿಯಾದ ಒಳಪೊರೆ ಬಿರಿದು ಹಾಬ್ ಗೆರೆಗಳು ಮೂಡುತ್ತವೆ.

[ಪರದೆಯಲ್ಲಿ: ಹನಿಯ ಬಾಟಲಿಯ ಲೇಬಲ್, ಸಣ್ಣ ಅಕ್ಷರಗಳು]

ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಓದಿ. ಔಷಧ ಕೆಡದಿರಲೆಂದು ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಅನೇಕ ಹನಿಗಳಲ್ಲಿದೆ. ರೋಗಾಣುಗಳನ್ನು ಕೊಲ್ಲುವ ಈ ರಾಸಾಯನಿಕ ಕಣ್ಣೀರಿನ ಪದರವನ್ನು ಒಡೆಯುತ್ತದೆ, ಕಾರ್ನಿಯಾದ ಮೇಲ್ಪದರದ ಕೋಶಗಳಿಗೂ ಪೆಟ್ಟು ಕೊಡುತ್ತದೆ. ಲ್ಯಾಟಾನೊಪ್ರಾಸ್ಟ್‌ನ (ಇದೊಂದು ಗ್ಲಾಕೋಮಾ ಹನಿ) ಮೂಲ ತಯಾರಿಕೆಯಲ್ಲಿ ಈ ರಾಸಾಯನಿಕ 0.02%. ಮಗುವಿಗೆ ಮೂರು ಬಾಟಲಿ ಬರೆದಿದ್ದರೆ, ಮೂರರಿಂದಲೂ ಸೇರಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ.

ಔಷಧದ ಪಾಲೂ ಇದೆ. ಟಿಮೊಲಾಲ್ ಎಂಬ ಹನಿ ಕಾರ್ನಿಯಾದ ಸ್ಪರ್ಶಸಂವೇದನೆಯನ್ನು ತಗ್ಗಿಸಬಹುದು. ಡಾರ್ಜೋಲಮೈಡ್ ಎಂಬ ಇನ್ನೊಂದು ಹನಿಯ ವಿಷಯ ಇನ್ನೂ ಸೂಕ್ಷ್ಮ. ಕಾರ್ನಿಯಾದ ಒಳಪದರದ ಕೋಶಗಳು ನೀರನ್ನು ಹೊರಹಾಕುತ್ತಲೇ ಇರುವುದರಿಂದ ಅದು ತಿಳಿಯಾಗಿರುತ್ತದೆ. ಆ ಕೆಲಸಕ್ಕೆ ನೆರವಾಗುವ ಕಿಣ್ವವನ್ನೇ ಈ ಹನಿ ತಡೆಯುತ್ತದೆ. ಗಟ್ಟಿಮುಟ್ಟಾದ ಕಾರ್ನಿಯಾಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆಗಲೇ ದುರ್ಬಲವಾದದ್ದು ಊದಿಕೊಂಡು ಮಸುಕಾಗಬಹುದು.

ಇಲ್ಲಿಯೇ ಹೆತ್ತವರು ದಾರಿ ತಪ್ಪುವುದು. ಕಣ್ಣಲ್ಲಿ ನೀರು, ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುವುದು, ಕರಿಗುಡ್ಡೆ ಮಸುಕಾಗುವುದು: ಇವು ಹನಿಯ ಅಡ್ಡಪರಿಣಾಮವೂ ಆಗಿರಬಹುದು, ಒತ್ತಡ ಏರಿದ್ದರ ಗುರುತೂ ಆಗಿರಬಹುದು. ಮನೆಯಲ್ಲಿ ಕುಳಿತು ಯಾವುದೆಂದು ಹೇಳಲು ಸಾಧ್ಯವೇ ಇಲ್ಲ. ಒತ್ತಡ ಅಳೆದು, ಬಣ್ಣ ಹಾಕಿ ನೋಡಲೇಬೇಕು. ಉರಿ ಎಂದು ಮಗು ಅತ್ತಿತೆಂದು ಹನಿಯನ್ನು ನೀವಾಗಿಯೇ ನಿಲ್ಲಿಸಬೇಡಿ; ಒತ್ತಡದಿಂದ ನರಕ್ಕಾದ ಹಾನಿ ಮರಳಿ ಸರಿಹೋಗುವುದಿಲ್ಲ. ಕಾರ್ನಿಯಾದ ಮೇಲ್ಪದರ ಹಾಗಲ್ಲ, ಕಾರಣ ತೆಗೆದರೆ ಮತ್ತೆ ಬೆಳೆಯುತ್ತದೆ.

ವೈದ್ಯರನ್ನು ಕೇಳಿ: ಬೆಂಜಾಲ್ಕೋನಿಯಂ ಕ್ಲೋರೈಡ್ ಇಲ್ಲದ ಹನಿ ಇದೆಯೇ? ಎರಡು ಔಷಧ ಒಂದೇ ಬಾಟಲಿಯಲ್ಲಿ ಸಿಗುತ್ತದೆಯೇ? ಒಂದೇ ಸಲ ಬಳಸುವ ಪುಟ್ಟ ಕೊಳವೆಯಲ್ಲಿ ಕೊಟ್ಟರೆ, ದುಬಾರಿ ಎಂದು ಉಳಿದದ್ದನ್ನು ಮರುದಿನಕ್ಕೆ ಎತ್ತಿಡಬೇಡಿ. ಅದರಲ್ಲಿ ರೋಗಾಣುಗಳನ್ನು ತಡೆಯುವಂಥದ್ದು ಏನೂ ಇರುವುದಿಲ್ಲ.