‘ಸೈಕೋ’ ಅನ್ನುವ ಮುಂಚೆ ಎಷ್ಟು ಅಂತ ಕೇಳಿ

ಅಧ್ಯಕ್ಷರು ‘ಇವರು ಸೈಕೋಪಾತ್‌ಗಳ ಬಗ್ಗೆ ಮಾತಾಡ್ತಾರೆ’ ಎಂದ ತಕ್ಷಣ ಹಿಂದಿನ ಸಾಲಿನ ಹುಡುಗರು ಮೊಬೈಲ್ ಜೇಬಿಗಿಟ್ಟರು. ವಾಪಸ್ ತೆಗೆಯಬಹುದು. ಇವತ್ತು ಕೊಲೆ ಕಥೆ ಇಲ್ಲ.

ಆಫೀಸಿನಲ್ಲಿ, ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಕಾಣುವ ಗುಣಗಳ ಮಾತು ಇದು. ಸಲೀಸಾಗಿ ಸುಳ್ಳು ಹೇಳುವುದು, ಇನ್ನೊಬ್ಬರ ನೋವು ತಟ್ಟದೇ ಇರುವುದು, ಹಿಂದುಮುಂದು ನೋಡದೆ ನುಗ್ಗುವುದು. ಇವು ಬಿ.ಪಿ. ಇದ್ದ ಹಾಗೆ. ಎಲ್ಲರಿಗೂ ಇರುತ್ತೆ, ಎಷ್ಟು ಅನ್ನುವುದೇ ಪ್ರಶ್ನೆ.

ಅಳೆಯುವುದು ಹೇಗೆ? ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಜೈಲಿನಲ್ಲಿರುವವರಿಗಾಗಿ ಒಂದು ಪಟ್ಟಿ ಮಾಡಿದರು. 20 ಅಂಶ, ಒಂದೊಂದಕ್ಕೂ 0, 1 ಅಥವಾ 2. ಒಟ್ಟು 40. ಅಮೆರಿಕದಲ್ಲಿ ಸಾಮಾನ್ಯವಾಗಿ 30 ಗೆರೆ, ಬ್ರಿಟನ್‌ನಲ್ಲಿ ಎಷ್ಟೋ ಸಲ 25. ಅಂದರೆ 27 ಬಂದ ಆಸಾಮಿ ವಿಮಾನ ಹತ್ತಿ ಲಂಡನ್‌ನಲ್ಲಿ ಇಳಿದರೆ ಸೈಕೋಪಾತ್! ನಗಬೇಡಿ, ಗೆರೆ ಎಳೆದದ್ದು ನಾವೇ ಅಲ್ವಾ?

ಆ ಪಟ್ಟಿಗೆ ತರಬೇತಿ ಪಡೆದವರು ಎದುರು ಕೂತು ಮಾತಾಡಬೇಕು, ಕೇಸ್ ಫೈಲ್ ಓದಬೇಕು. ನಮ್ಮ ನಿಮ್ಮ ಫೈಲ್ ಎಲ್ಲಿದೆ? ಹಾಗಾಗಿ ಜನಸಾಮಾನ್ಯರಿಗೆ ಪ್ರಶ್ನಾವಳಿ. 1995ರಲ್ಲಿ ಬಂದ ಲೆವೆನ್‌ಸನ್ ಪ್ರಶ್ನಾವಳಿಯಲ್ಲಿ 26 ಹೇಳಿಕೆಗಳು. ಎಷ್ಟು ಒಪ್ಪುತ್ತೀರಿ ಅಂತ ನಾವೇ ಗುರುತು ಹಾಕಬೇಕು.

ಇಲ್ಲೇ ತಮಾಷೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಎಚ್‌ಆರ್ ಆಗಿರುವ ಹುಡುಗ ಒಮ್ಮೆ ಬಂದಿದ್ದ. ‘ಸರ್, ಇಂಟರ್‌ವ್ಯೂನಲ್ಲಿ ಇದನ್ನು ಕೊಟ್ಟು ಸೈಕೋಗಳನ್ನು ಹೊರಗಿಟ್ಟುಬಿಡೋಣ’ ಅಂದ. ಮೊದಲು ನೀನೇ ತುಂಬಪ್ಪ ಅಂತ ಪೆನ್ನು ಕೊಟ್ಟೆ. ಮೊದಲ ಹಾಳೆ ದಾಟಲಿಲ್ಲ, ತಲೆ ಎತ್ತಿದ. ‘ಸರ್, ಆಫೀಸಿನಲ್ಲಿ ಇರೋ ಹಾಗೆ ತುಂಬಲಾ, ಮನೆಯಲ್ಲಿ ಇರೋ ಹಾಗಾ?’ ನಾನು ಸುಮ್ನಿದ್ದೆ. ಅವನು ಕಾಫಿ ಕುಡಿದ, ಎರಡು ಗುರುತು ಹೊಡೆದುಹಾಕಿ ತಿದ್ದಿದ. ‘ಇದನ್ನ ಬೇರೆ ಯಾರೂ ನೋಡಲ್ಲ ತಾನೇ?’

ನೋಡಿ, ಕೆಲಸ ಬೇಕಾದವನು ಇನ್ನೆಷ್ಟು ತಿದ್ದುತ್ತಾನೆ! ‘ಕೆಲವೊಮ್ಮೆ ಸುಳ್ಳು ಹೇಳ್ತೀನಿ’ ಅಂತ ಪ್ರಾಮಾಣಿಕವಾಗಿ ಬರೆದ ಪಾಪದವನು ಹೊರಗೆ, ಪಕ್ಕಾ ಸುಳ್ಳುಗಾರ ಒಳಗೆ. ಹೆಸರು ಬರೆಸದೆ ಸಾವಿರ ಜನರಿಂದ ತುಂಬಿಸಿದರೆ ಸಂಶೋಧನೆಗೆ ಉಪಯೋಗವಿದೆ. ಒಬ್ಬನಿಗೆ ಹಣೆಪಟ್ಟಿ ಹಚ್ಚಲು ಮಾತ್ರ ಬೇಡ.

ಚೀಟಿ ಬಂತು, ಐದೇ ನಿಮಿಷವಂತೆ. ಧೈರ್ಯ, ಕ್ರೌರ್ಯ, ಹಿಡಿತವಿಲ್ಲದಿರುವಿಕೆ ಅಂತ ಮೂರು ಭಾಗ ಮಾಡಿ ಅಳೆಯುವ ಕ್ರಮವೂ ಇದೆ, ಅದನ್ನು ಬಿಡುತ್ತೇನೆ. ಜನಸಾಮಾನ್ಯರಲ್ಲಿ ನೂರಕ್ಕೆ ಎಷ್ಟು ಜನ ಸೈಕೋಪಾತ್‌ಗಳು ಅನ್ನುವ ಅಂಕಿ ಹೇಳಿಬಿಡುತ್ತೇನೆ. ಬ್ರಿಟನ್‌ನಲ್ಲಿ ಮನೆಗಳಿಗೆ ಹೋಗಿ 638 ಜನರನ್ನು ಸಂದರ್ಶಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 0.6. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ 2021ರ ವಿಶ್ಲೇಷಣೆಯಲ್ಲಿ ಶೇ. 4.5. ಅದರಲ್ಲೇ ಹೇರ್ ಪಟ್ಟಿ ಬಳಸಿದವನ್ನಷ್ಟೇ ತೆಗೆದುಕೊಂಡರೆ ಶೇ. 1.2. ಮತ್ತೆ ಅದೇ ಮಾತು, ಗೆರೆ ಎಳೆದದ್ದು ನಾವೇ.

ಪ್ರಶ್ನೆಗಳಿದ್ದರೆ ಕೇಳಿ. ನಿಮ್ಮ ಮ್ಯಾನೇಜರ್ ಹೆಸರು ಮಾತ್ರ ಹೇಳಬೇಡಿ, ರೆಕಾರ್ಡಿಂಗ್ ಆಗ್ತಿದೆ.