ಎಷ್ಟು ನಿಮಿಷ ಆಡಿದ?

ಎಲ್ಲರಿಗೂ ನಮಸ್ಕಾರ. ಅದರಲ್ಲೂ ಭಾನುವಾರ ಬೆಳಗ್ಗೆ ಐದೂವರೆಗೇ ಎದ್ದು, ಮಗನ ಬ್ಯಾಗು ಹೊತ್ತು ಗ್ರೌಂಡಿಗೆ ಬರುವ ಅಪ್ಪ ಅಮ್ಮಂದಿರಿಗೆ ಇನ್ನೊಂದು ನಮಸ್ಕಾರ. ಬೇಲಿ ಪಕ್ಕ ನಿಂತು "ಪಾಸ್ ಕೊಡೋ, ಪಾಸ್ ಕೊಡೋ" ಅಂತ ಕೂಗುತ್ತೀರಲ್ಲ, ನಿಮಗೇ ಹೇಳುತ್ತಿರುವುದು. ಆ ಕೂಗಾಟದ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಇವತ್ತು ಬೇಡ, ಬಿಡಿ.

ನಾನು ಫುಟ್‌ಬಾಲ್ ಕೋಚು. ಇದೇ ಬೆಂಗಳೂರಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ. ಬರುವವರೆಲ್ಲ ಕೇಳುವುದು ಒಂದೇ. "ಸರ್, ಯಾವ ಅಕಾಡೆಮಿಗೆ ಸೇರಿಸಲಿ? ಎಷ್ಟು ವರ್ಷಕ್ಕೆ ಫಸ್ಟ್ ಟೀಮಿಗೆ ಬರುತ್ತಾನೆ?" ಫೀಸು ಎಷ್ಟು ಅಂತ ಕೇಳುತ್ತಾರೆ. ಜೆರ್ಸಿ ಅವರೇ ಕೊಡುತ್ತಾರಾ ಅಂತ ಕೇಳುತ್ತಾರೆ. ಕೋಚು ಸ್ಪೇನಿನವರಾ, ಇಲ್ಲಿಯವರಾ ಅಂತಲೂ ಕೇಳುತ್ತಾರೆ. ಕೇಳಬೇಕಾದ್ದನ್ನು ಮಾತ್ರ ಕೇಳುವುದಿಲ್ಲ. ಅಲ್ಲಿ ನನ್ನ ಮಗ ವರ್ಷಕ್ಕೆ ಎಷ್ಟು ನಿಮಿಷ ಮ್ಯಾಚ್ ಆಡುತ್ತಾನೆ? ಪ್ರಾಕ್ಟೀಸ್ ಲೆಕ್ಕಕ್ಕಿಲ್ಲ. ರೆಫ್ರಿ ಇರುವ, ಸೋತರೆ ಹೊಟ್ಟೆ ಉರಿಯುವ ಮ್ಯಾಚು. ನಾನು ಇವತ್ತು ಹೇಳುವುದು ಇದೊಂದೇ. ಎಷ್ಟು ನಿಮಿಷ ಆಡಿದ?

ಮೊದಲು ಏಣಿ ನೋಡೋಣ. ಕ್ಲಬ್ಬಿನ ಅಕಾಡೆಮಿ ಅಂದರೆ ವಯಸ್ಸಿನ ಪ್ರಕಾರ ತಂಡಗಳು. 13 ವರ್ಷದೊಳಗಿನವರು, 15ರೊಳಗಿನವರು, 17ರೊಳಗಿನವರು. ಅದರ ಮೇಲೆ ರಿಸರ್ವ್ ಟೀಮು, ಅಂದರೆ ಫಸ್ಟ್ ಟೀಮಿಗೆ ಕಾಯುವವರ ತಂಡ. ಅದರ ಮೇಲೆ ಫಸ್ಟ್ ಟೀಮು, ಅಂದರೆ ನೀವು ಟಿವಿಯಲ್ಲಿ ನೋಡುವ ತಂಡ. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಹುಡುಗರು ಉದುರುತ್ತಾರೆ. ಆದರೆ ಕೊನೆಯ ಮೆಟ್ಟಿಲು ಇದೆಯಲ್ಲ, ಅದು ಗೋಡೆ. ಅಲ್ಲಿ ಎದುರಿಗೆ ನಿಲ್ಲುವವನಿಗೆ ಮೂವತ್ತು ವರ್ಷ. ಹೆಂಡತಿ ಇದ್ದಾಳೆ, ಮಗು ಇದೆ, ಮನೆ ಸಾಲ ಇದೆ. ನಿಮ್ಮ ಮಗ ಮುದ್ದಾಗಿದ್ದಾನೆ ಅಂತ ಸುಮ್ನೆ ಚೆಂಡು ಬಿಟ್ಟುಕೊಡುತ್ತಾನಾ? ದೇಶದ ದೊಡ್ಡ ಲೀಗು ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಮೊದಲು ಒಂದೊಂದು ತಂಡಕ್ಕೆ ಐದು ಜನ ವಿದೇಶಿಯರು ಗ್ರೌಂಡಲ್ಲಿ ಇರಬಹುದಿತ್ತು, 2021ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದರು. ಗೋಲು ಹೊಡೆಯುವ ಜಾಗಕ್ಕೆ ಮೊದಲು ಅವರನ್ನೇ ಹಾಕುತ್ತಾರೆ. ನಮ್ಮ ಹುಡುಗರಿಗೆ ಸಾಮಾನ್ಯವಾಗಿ ಸಿಗುವುದು ಅಂಚಿನ ಜಾಗ, ಮುಂದೆ ಆದರೆ ವಿಂಗು, ಹಿಂದೆ ಆದರೆ ಸೈಡ್ ಬ್ಯಾಕು.

ಈ ಊರಿಗೆ ಫುಟ್‌ಬಾಲ್ ಹೊಸದಲ್ಲ ಅಂತ ಗೊತ್ತಲ್ವಾ? 1948ರ ಲಂಡನ್ ಒಲಿಂಪಿಕ್ಸ್. ಫ್ರಾನ್ಸ್ ಎದುರು ಭಾರತಕ್ಕೆ ಒಲಿಂಪಿಕ್ಸಿನ ಮೊದಲ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಎಸ್. ರಾಮನ್. 2-1ರಿಂದ ಸೋತೆವು. ಎರಡು ಪೆನಾಲ್ಟಿ ಕೈಬಿಟ್ಟೆವು, ಅದನ್ನು ನೆನೆದರೆ ಈಗಲೂ ಸಂಕಟ. ಆ ತಂಡದಲ್ಲಿ ಜಾಸ್ತಿ ಜನ ಬರಿಗಾಲಲ್ಲೇ ಆಡಿದ್ದರು. ಅವರಿಗೆ ಎಲ್ಲಿತ್ತು ಅಕಾಡೆಮಿ? ಮ್ಯಾಚ್ ಇತ್ತು. ಸಂಜೆ ಆದರೆ ಮ್ಯಾಚು. ಹಲಸೂರಿನ ಗೌತಮಪುರಕ್ಕೆ ಒಮ್ಮೆ ಹೋಗಿ ಬನ್ನಿ, ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಇನ್ನು 2023ರ ಮಾರ್ಚಿನಲ್ಲಿ ಕರ್ನಾಟಕ 54 ವರ್ಷ ಆದ ಮೇಲೆ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. ರಿಯಾದ್‌ನಲ್ಲಿ ಫೈನಲ್, ಮೇಘಾಲಯದ ಮೇಲೆ 3-2. ಆ ಹುಡುಗರಲ್ಲಿ ಬಹಳ ಜನ ನಮ್ಮ ಊರಿನ ಲೀಗುಗಳಲ್ಲಿ ಬಿಸಿಲಲ್ಲಿ ಆಡಿದವರು. ನೀವು ನೋಡೋಕೆ ಹೋಗದ ಲೀಗುಗಳು.

ಈಗ ಒಂದು ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಕೆಲವು ವರ್ಷದ ಹಿಂದೆ ಚಾಮರಾಜಪೇಟೆಯಿಂದ ಒಬ್ಬರು ಬಂದರು. ಲೆಕ್ಕಪತ್ರ ಬರೆಯುವ ಕೆಲಸ ಅವರದು. ಜೊತೆಗೆ ಹದಿನಾರು ವರ್ಷದ ಮಗ. ಒಂದು ದೊಡ್ಡ ಅಕಾಡೆಮಿಯಲ್ಲಿದ್ದ, ಎಡಗಾಲಿನ ಆಟಗಾರ. ಅಪ್ಪನ ಕಂಕುಳಲ್ಲಿ ಉದ್ದನೆಯ ಲೆಡ್ಜರ್ ಪುಸ್ತಕ. ಕೆಂಪು ರಟ್ಟಿನದು, ಅಂಗಡಿ ಲೆಕ್ಕಕ್ಕೆ ಇಡುತ್ತಾರಲ್ಲ, ಅದೇ. ತೆಗೆದು ನನ್ನ ಮುಂದೆ ಇಟ್ಟರು. ಗೆರೆ ಎಳೆದು ಕಾಲಂ ಮಾಡಿದ್ದಾರೆ. ಎದ್ದ ಹೊತ್ತು. ನೆನೆಸಿದ ಬಾದಾಮಿ, ಆರು. ಮೊಟ್ಟೆ, ಎರಡು. ಹಾಲು. ಪ್ರಾಕ್ಟೀಸ್, ಎರಡು ಗಂಟೆ. ಚೆಂಡು ನೆಲಕ್ಕೆ ಬೀಳದಂತೆ ಎಷ್ಟು ಸಲ ಒದ್ದ, 340. ನಿದ್ದೆ, ಒಂಬತ್ತು ಗಂಟೆ. ಏಳು ತಿಂಗಳು, ಒಂದು ದಿನವೂ ಬಿಟ್ಟಿಲ್ಲ. ನನಗೆ ನಿಜಕ್ಕೂ ಅವರ ಮೇಲೆ ಗೌರವ ಬಂತು.

"ಎಲ್ಲ ಸರಿ ಯಜಮಾನ್ರೇ, ಮ್ಯಾಚಿನ ಕಾಲಂ ಎಲ್ಲಿ?" ಅಂದೆ.

ಅವರು ಮಗನ ಮುಖ ನೋಡಿದರು. ಮಗ ನೆಲ ನೋಡಿದ. ಕೂತು ಮೂವರೂ ಲೆಕ್ಕ ಹಾಕಿದೆವು. ಏಳು ತಿಂಗಳಲ್ಲಿ ಒಂಬತ್ತು ಮ್ಯಾಚು. ಎಲ್ಲದರಲ್ಲೂ ಕೊನೆಗೆ ಇಳಿಸಿದ್ದರು, ಒಮ್ಮೆ ಹತ್ತು ನಿಮಿಷ, ಒಮ್ಮೆ ಹದಿನೈದು. ಎಲ್ಲ ಸೇರಿ 104 ನಿಮಿಷ. ಒಂದು ಪೂರ್ತಿ ಮ್ಯಾಚಿಗೆ 90 ನಿಮಿಷ. ಅಂದರೆ ಏಳು ತಿಂಗಳಲ್ಲಿ ಈ ಹುಡುಗ ಒಂದು ಮ್ಯಾಚಿಗಿಂತ ಚೂರು ಜಾಸ್ತಿ ಆಡಿದ್ದಾನೆ. ಬಾದಾಮಿ ಮಾತ್ರ ಸಾವಿರ ದಾಟಿದೆ.

ಆ ಸೀಸನ್ ಮುಗಿದ ಮೇಲೆ ಅಲ್ಲಿಂದ ಬಿಡಿಸಿ ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ (ಬಿಡಿಎಫ್‌ಎ) ಕೆಳ ಹಂತದ ಲೀಗು ಸಿ ಡಿವಿಷನ್ ಆಡುವ ಒಂದು ಚಿಕ್ಕ ಕ್ಲಬ್ಬಿಗೆ ಸೇರಿಸಿದೆವು. ತಾಯಿಗೆ ಅಷ್ಟು ಇಷ್ಟವಿರಲಿಲ್ಲ. ಹಳೇ ಅಕಾಡೆಮಿಯ ಜೆರ್ಸಿಯಲ್ಲಿ ತೆಗೆಸಿದ ಫೋಟೋ ಮನೆಯಲ್ಲಿ ಹಾಕಿದ್ದರಂತೆ. ಮೊದಲ ಮ್ಯಾಚು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಮಧ್ಯಾಹ್ನ. ಅಲ್ಲಿರುವುದು ಪ್ಲಾಸ್ಟಿಕ್ ಹುಲ್ಲು. ಬಿಸಿಲಿಗೆ ಕಾದರೆ ಬೂಟಿನೊಳಗೆ ಪಾದ ಸುಡುತ್ತದೆ. ಓಡಿದರೆ ಕಪ್ಪು ರಬ್ಬರ್ ಚೂರು ಹಾರಿ ಕಾಲುಚೀಲದೊಳಗೆ ಸೇರುತ್ತದೆ.

ಎದುರು ತಂಡದ ಸ್ಟಾಪರ್‌ಗೆ, ಅಂದರೆ ಗೋಲಿನ ಮುಂದೆ ಮಧ್ಯದಲ್ಲಿ ನಿಂತು ತಡೆಯುವವನಿಗೆ, ನಲವತ್ತರ ಹತ್ತಿರ ವಯಸ್ಸು. ಸ್ವಲ್ಪ ಹೊಟ್ಟೆ. ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ನೇರ ಬಂದಿದ್ದ. ನಮ್ಮ ಹುಡುಗ ಅವನನ್ನು ನೋಡಿ ನಕ್ಕ, ನಾನು ನೋಡಿದೆ. ಮೊದಲ ಚೆಂಡು ಬಂತು. ಹುಡುಗ ನಿಲ್ಲಿಸಿದ, ಬಗ್ಗಿ ಚೆಂಡು ನೋಡಿದ, ತಿರುಗಿದ. ಆ ಮನುಷ್ಯ ಏನೂ ಮಾಡಲಿಲ್ಲ. ಸುಮ್ನೆ ಅಡ್ಡ ನಿಂತ. ಹುಡುಗ ಹೋಗಿ ಅವನ ಎದೆಗೆ ಬಡಿದು ಕೆಳಗೆ ಬಿದ್ದ. ಚೆಂಡು ಸ್ಟಾಪರ್ ಕಾಲಲ್ಲಿ. ಎರಡನೇ ಸಲವೂ ಅದೇ. ಮೂರನೇ ಸಲವೂ ಅದೇ. ರೆಫ್ರಿ ಸೀಟಿ ಹಾಕಲಿಲ್ಲ, ಹಾಕುವ ತಪ್ಪೂ ಅಲ್ಲಿರಲಿಲ್ಲ. 340 ಸಲ ಚೆಂಡು ಬೀಳದಂತೆ ಒದೆಯುವ ಹುಡುಗ ಅರ್ಧ ಹೊತ್ತಿಗೆ ಒಂದು ಪಾಸ್ ಸರಿಯಾಗಿ ಕೊಟ್ಟಿರಲಿಲ್ಲ.

ಹಾಫ್ ಟೈಮಲ್ಲಿ ನಲ್ಲಿ ಹತ್ತಿರ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಆ ಸ್ಟಾಪರ್ ಇವನ ಪಕ್ಕ ಬಂದು ನಿಂತ. ಹೇಳಿದ್ದು ಒಂದೇ ಮಾತು. "ತಮ್ಮಾ, ಚೆಂಡು ಬಂದ್ಮೇಲೆ ನನ್ನ ಹುಡುಕ್ತೀಯ. ಬರೋಕ್ ಮುಂಚೆ ನೋಡ್ಕೋ, ನಾನು ಎಲ್ಲಿದೀನಿ ಅಂತ."

ಇದೇ ಮಾತನ್ನು ನಾನು ಅವನಿಗೆ ಎರಡು ತಿಂಗಳಿಂದ ಹೇಳುತ್ತಿದ್ದೆ. ಅವನ ಹಳೇ ಕೋಚುಗಳೂ ಹೇಳಿರುತ್ತಾರೆ, ಬೋರ್ಡ್ ಮೇಲೆ ಬರೆದೂ ತೋರಿಸಿರುತ್ತಾರೆ. ಕಿವಿಗೆ ಹೋಗಿರಲಿಲ್ಲ. ಮೂರು ಸಲ ಎದೆಗೆ ಬಡಿದು ಬಿದ್ದ ಮೇಲೆ ಹೋಯಿತು. ಎರಡನೇ ಹಾಫಿನಲ್ಲಿ ನೋಡಬೇಕಿತ್ತು ನೀವು. ಚೆಂಡು ಇನ್ನೂ ದಾರಿಯಲ್ಲಿದೆ, ಇವನ ತಲೆ ಎಡಕ್ಕೆ ಬಲಕ್ಕೆ ತಿರುಗುತ್ತಿದೆ, ಟ್ರಾಫಿಕ್ ದಾಟುವವರ ಹಾಗೆ. 70ನೇ ನಿಮಿಷದಲ್ಲಿ ಅದೇ ಸ್ಟಾಪರ್ ಬಲಕ್ಕೆ ವಾಲಿದ್ದನ್ನು ಮೊದಲೇ ನೋಡಿಕೊಂಡು, ಚೆಂಡು ನಿಲ್ಲಿಸದೆ ಎಡಕ್ಕೆ ತಳ್ಳಿ ಓಡಿದ. ಗೋಲಾಗಲಿಲ್ಲ. ಹೊರಗೆ ಹೋಯಿತು. ಆ ಮನುಷ್ಯ ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕ.

ಆ ವರ್ಷ ಲೀಗು, ಏಳೇಳು ಜನ ಆಡುವ ಸೆವೆನ್ಸ್ ಟೂರ್ನಮೆಂಟು, ಎಲ್ಲ ಸೇರಿ ಹುಡುಗ ಸಾವಿರ ನಿಮಿಷದ ಮೇಲೆ ಆಡಿದ. ಲೆಡ್ಜರಿನಲ್ಲಿ ಬಾದಾಮಿ ಕಾಲಂ ಹೊಡೆದುಹಾಕಿ ಅಪ್ಪ ನಿಮಿಷ ಬರೆಯತೊಡಗಿದರು. ಮುಂದಿನ ವರ್ಷ ಒಂದು ಕ್ಲಬ್ಬಿನ ರಿಸರ್ವ್ ಟೀಮಿನ ಟ್ರಯಲ್ಸಿಗೆ ಹೋದ. ತೆಗೆದುಕೊಂಡರು.

ನನಗೆ ಕೊಟ್ಟ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಹುಡುಗನಿಗೇ ಹೋಯಿತು. ಇರಲಿ, ಉಳಿದದ್ದು ಬೇಗ ಬೇಗ.

ನೀವೆಲ್ಲ ನೋಡಿದ ಉದಾಹರಣೆ ಬೇಕಾ? 2024ರ ಸೆಪ್ಟೆಂಬರ್ 14, ಕಂಠೀರವ ಸ್ಟೇಡಿಯಂ. ಬೆಂಗಳೂರು ಎಫ್‌ಸಿ ಎದುರು ಈಸ್ಟ್ ಬೆಂಗಾಲ್. ಐಎಸ್‌ಎಲ್‌ನಲ್ಲಿ ತನ್ನ ಮೊದಲ ಮ್ಯಾಚ್ ಆಡುತ್ತಿದ್ದ ನಮ್ಮೂರ ಹುಡುಗ ವಿನಿತ್ ವೆಂಕಟೇಶ್, 19 ವರ್ಷ, ಗೋಲು ಹೊಡೆದ. ಅದೊಂದೇ ಗೋಲು, 1-0. ಮರುದಿನ ಎಲ್ಲರೂ "ಒಂದೇ ರಾತ್ರಿಯಲ್ಲಿ ಹೀರೋ" ಅಂದರು. ನನಗೆ ಮೈ ಉರಿಯಿತು. ಯಾವ ಒಂದು ರಾತ್ರಿ? ಅವನು ಅದೇ ಕ್ಲಬ್ಬಿನ ಕಿರಿಯರ ತಂಡದಿಂದ ಮೇಲೆ ಬಂದವನು. 2022ರಲ್ಲಿ ಡೆವಲಪ್‌ಮೆಂಟ್ ಲೀಗ್ ಅಂತ ಶುರುವಾಯಿತಲ್ಲ, ಅದು ಹೆಚ್ಚಾಗಿ ಇಂಥ ಹುಡುಗರಿಗೆ ಮ್ಯಾಚ್ ಸಿಗಲಿ ಅಂತಲೇ ಮಾಡಿದ್ದು. ಮೊದಲ ವರ್ಷ ಅದನ್ನು ಗೆದ್ದದ್ದೂ ಬೆಂಗಳೂರು ಎಫ್‌ಸಿ. ಮತ್ತೆ ಅದೇ ಮಾತಿಗೆ ಬಂದೆ ನೋಡಿ. ಮ್ಯಾಚ್.

ವಯಸ್ಸಿನ ವಿಷಯ. ಸುಳ್ಳು ಸರ್ಟಿಫಿಕೇಟ್ ಮಾಡಿಸಬೇಡಿ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಸಿಕ್ಕಿಬಿದ್ದರೆ ಹುಡುಗನ ಆಟವೇ ನಿಲ್ಲುತ್ತದೆ.

ಕಾಗದಪತ್ರ. ಮಗು ಹನ್ನೆರಡಾದಾಗಿನಿಂದ ಯಾವ ಕ್ಲಬ್ಬಲ್ಲಿ ಆಡಿತು ಅನ್ನುವ ನೋಂದಣಿ ಜೋಪಾನವಾಗಿಡಿ. ಮುಂದೆ ಆಟಗಾರ ದುಡ್ಡಿಗೆ ಬೇರೆ ದೇಶದ ಕ್ಲಬ್ಬಿಗೆ ಹೋದರೆ, ಫಿಫಾ ನಿಯಮದ ಪ್ರಕಾರ ಆ ಹಣದಲ್ಲಿ ನೂರಕ್ಕೆ 5 ಭಾಗ, 12ರಿಂದ 23ರವರೆಗೆ ಅವನನ್ನು ತಯಾರು ಮಾಡಿದ ಕ್ಲಬ್ಬುಗಳಿಗೆ ಸೇರಬೇಕು. ಚಿಕ್ಕ ಕ್ಲಬ್ಬಿಗೆ ಅದು ದೊಡ್ಡ ಮೊತ್ತ.

ಶಾಲೆ ಬಿಡಿಸಬೇಡಿ. ಇಷ್ಟೂ ಹೊತ್ತು ಮಗ ಮಗ ಅಂದೆ, ಮಗಳಿಗೂ ಎಲ್ಲ ಇದೇ. ಅವಳಿಗೆ ಮ್ಯಾಚ್ ಇನ್ನೂ ಕಡಿಮೆ, ಹಾಗಾಗಿ ಇನ್ನೂ ಜೋರಾಗಿ ಕೇಳಿ.

ಹೋದ ತಿಂಗಳು ಚಾಮರಾಜಪೇಟೆಯ ಆ ಯಜಮಾನರು ಫೋನ್ ಮಾಡಿದ್ದರು. ಮಗ ಈಗ ಬೇರೆ ರಾಜ್ಯದ ಕ್ಲಬ್ಬಿನಲ್ಲಿದ್ದಾನೆ. ನಾಲ್ಕು ಮ್ಯಾಚು ಬೆಂಚಲ್ಲಿ ಕೂತ ಮೇಲೆ ಐದನೆಯದರಲ್ಲಿ ಫಸ್ಟ್ ಟೀಮಿಗೆ ಇಳಿಸಿದರಂತೆ, 86ನೇ ನಿಮಿಷದಲ್ಲಿ. ಅವರ ಗಂಟಲು ಕಟ್ಟಿತ್ತು. ನಾನು ಕೇಳಿದ್ದು ಇಷ್ಟೇ, "ಎಷ್ಟು ನಿಮಿಷ?"

"ನಾಲ್ಕು ಸರ್. ಮೇಲೆ ಇನ್ನೂ ನಾಲ್ಕು ನಿಮಿಷ ಇಂಜುರಿ ಟೈಮ್ ಕೊಟ್ರು. ಅದನ್ನೂ ಕಾಲಂಗೆ ಸೇರಿಸ್ಕೋಬಹುದಾ?"

ಸೇರಿಸಿಕೊಳ್ಳಿ ಅಂದೆ. ನಮಸ್ಕಾರ.